ಕೊಡಗಿನ ತೋಟದ ಪಿಕಪ್ ಗಾಡಿಗಳಿಗೆ ದೊಡ್ಡ ಟೈರುಗಳ ಆಯ್ಕೆ

ಕೊಡಗಿನ ತೋಟಗಳಲ್ಲಿ ಹಿಂದೆ ಎತ್ತಿನ ಗಾಡಿಯೂ ಆಳುಗಳ ತಲೆಹೊರೆಯೂ ನಡೆಸುತ್ತಿದ್ದ ಸಾಗಾಟದ ಕೆಲಸವನ್ನು ಈಗ ಬಹುಮಟ್ಟಿಗೆ ಪಿಕಪ್ ಎಂಬ ಸಣ್ಣ ಸರಕು ಮೋಟಾರು ಗಾಡಿಯು ವಹಿಸಿಕೊಂಡಿರುತ್ತದೆ. ಫೆಬ್ರವರಿ ಮತ್ತು ಮಾರ್ಚಿ ತಿಂಗಳುಗಳಲ್ಲಿ ಹೂವಿನ ನೀರಿಗಾಗಿ ಪಂಪುಸೆಟ್ಟು ಮತ್ತು ಕೊಳವೆಗಳು, ಮುಂಗಾರಿಗೆ ಮೊದಲು ಸುಣ್ಣ ಗೊಬ್ಬರಗಳು, ಮಳೆ ಹಿಡಿದ ಮೇಲೆ ಸಸಿಗಳು, ಹುತ್ತರಿಯ ಆಸುಪಾಸಿನಿಂದ ಅರೇಬಿಕ ಹಣ್ಣು, ಆಮೇಲೆ ರೋಬಸ್ಟ, ಕಣದಿಂದ ಪಾರ್ಚ್‌ಮೆಂಟ್ ಮತ್ತು ಚೆರ್ರಿ ಮೂಟೆಗಳು, ನಡುವೆ ಮರಗಸಿಯ ಸೌದೆ, ಹೀಗೆ ವರ್ಷವೆಲ್ಲ ಈ ಗಾಡಿಗೆ ಬಿಡುವಿಲ್ಲ. ಇದರ ಟೈರುಗಳು ಸವೆದು ಹೊಸವನ್ನು ಹಾಕಿಸತಕ್ಕ ಕಾಲ ಬಂದಾಗ, ಮೊದಲಿದ್ದ ಅಳತೆಯನ್ನೇ ಕೊಳ್ಳುವುದೋ ಅಥವಾ ಅದಕ್ಕಿಂತ ದೊಡ್ಡದನ್ನು ಕೊಳ್ಳುವುದೋ ಎಂಬ ಪ್ರಶ್ನೆಯು ಅನೇಕ ತೋಟಗಾರರಿಗೆ ಉಂಟಾಗುತ್ತದೆ. ಕಕ್ಕಡ ಮಾಸದ ಮಳೆಯಲ್ಲಿ ಏರು ಹಾದಿಯ ಮಧ್ಯೆ ಗಾಡಿಯು ನಿಂತುಹೋಗಿ, ಅರ್ಧ ಹೊರೆಯನ್ನು ಇಳಿಸಿ ಹೊರಿಸಬೇಕಾಗಿ ಬಂದವರಿಗೆ ದೊಡ್ಡ ಟೈರಿನ ಮೇಲೆ ಮನಸ್ಸು ಹರಿಯುವುದು ಸಹಜವೇ ಸರಿ. ಬರಿಯ ನೋಟದ ಚೆಂದಕ್ಕಾಗಿ ಹಾಕಿಸುವವರೂ ಉಂಟು. ಅವರ ವಿಷಯವನ್ನು ಇಲ್ಲಿ ಎತ್ತಿಕೊಂಡಿಲ್ಲ.

ಟೈರಿನ ಗಾತ್ರವನ್ನು ಹೆಚ್ಚಿಸುವುದಕ್ಕೆ ಮೊದಲು, ಗಾಡಿಗೆ ಇರುವ ತೊಂದರೆ ಯಾವುದೆಂಬುದನ್ನು ಸರಿಯಾಗಿ ಗೊತ್ತುಮಾಡಿಕೊಳ್ಳತಕ್ಕದ್ದು. ಚಕ್ರವು ತಿರುಗಿದರೂ ಗಾಡಿ ಮುಂದುವರಿಯದೆ ಜಾರುವುದು ಒಂದು ತೊಂದರೆ. ಚಕ್ರವು ಕೆಸರಿನೊಳಕ್ಕೆ ಹೂತುಹೋಗುವುದು ಮತ್ತೊಂದು. ಹಾದಿಯ ನಡುವಣ ದಿಬ್ಬಕ್ಕೆ ಗಾಡಿಯ ಹೊಟ್ಟೆ ತಗಲಿ ನಿಲ್ಲುವುದು ಇನ್ನೊಂದು. ಈ ಮೂರೂ ನೋಡುವವರ ಕಣ್ಣಿಗೆ ಒಂದೇ ಆಗಿ ಕಾಣುತ್ತವೆಯಾದರೂ ಇವುಗಳಿಗೆ ಪರಿಹಾರ ಬೇರೆ ಬೇರೆ. ಮೂರನ್ನೂ ಒಂದೇ ದೊಡ್ಡ ಟೈರಿನಿಂದ ವಾಸಿಮಾಡಲು ಹೋಗುವುದರಿಂದಲೇ ಹಣವು ವ್ಯರ್ಥವಾಗುವುದು.

ಮಣ್ಣಿನ ಸ್ವಭಾವ

ಮಡಿಕೇರಿಯಲ್ಲಿ ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮೇಲ್ಪಟ್ಟು ಮಳೆಯಾಗುತ್ತದೆ. ಭಾಗಮಂಡಲದ ಕಡೆಗೆ ಇನ್ನೂ ಹೆಚ್ಚು. ಪೂರ್ವದ ಕುಶಾಲನಗರದ ಕಡೆಗೆ ಅದರ ಅರ್ಧಕ್ಕೂ ಕಡಮೆ. ಮಳೆ ಹೆಚ್ಚಾದ ಪಶ್ಚಿಮದ ಭಾಗದಲ್ಲಿ ತೋಟದ ಹಾದಿಗಳು ಸಾಧಾರಣವಾಗಿ ಜಂಬಿಟ್ಟಿಗೆಯ ಕೆಮ್ಮಣ್ಣಿನವು. ಈ ಮಣ್ಣು ಮಳೆಯಲ್ಲಿ ನೆನೆದಾಗ ಮೇಲಿನ ಎರಡು ಮೂರು ಬೆರಳಿನಷ್ಟು ಮಾತ್ರ ಬೆಣ್ಣೆಯಂತೆ ನುಣುಪಾಗಿ, ಅದರ ಕೆಳಗೆ ಗಟ್ಟಿಯಾಗಿಯೇ ಉಳಿಯುತ್ತದೆ. ಇಂತಹ ಹಾದಿಯಲ್ಲಿ ಗಾಡಿಯು ನಿಲ್ಲುವುದು ಹೂತುಹೋಗಿ ಅಲ್ಲ, ಜಾರಿ. ಇಲ್ಲಿ ಅಗಲವಾದ ಟೈರು ಈ ನುಣುಪು ಕೆಸರಿನ ಮೇಲೆಯೇ ತೇಲುವುದರಿಂದ ಜಾರುವಿಕೆ ಹೆಚ್ಚುವುದು. ಕಿರಿದಾದ, ಆಳವಾದ ಗ್ರಿಪ್ಪುಳ್ಳ ಟೈರು ಕೆಸರನ್ನು ಸೀಳಿ ಅಡಿಯ ಗಟ್ಟಿ ನೆಲವನ್ನು ಹಿಡಿಯುವುದು. ಎರಡನೆಯ ಮಹಾಯುದ್ಧದ ಕಾಲದ ಜೀಪಿನ ಟೈರು ಕೇವಲ ಆರು ಅಂಗುಲ ಅಗಲದ್ದಾಗಿತ್ತು. ಅದರ ಅಳತೆ ೬.೦೦-೧೬. ಆ ಗಾಡಿಯ ಸ್ವಂತ ತೂಕವೂ ಸುಮಾರು ೧೧೦೦ ಕೆ.ಜಿ. ಮಾತ್ರ. ಅದು ಕೆಸರಿನಲ್ಲಿ ಹೆಸರುಗಳಿಸಿದ್ದು ಅಗಲವಾದ ಟೈರಿನಿಂದಲ್ಲ ಎಂಬುದು ಗಮನಿಸತಕ್ಕ ಅಂಶ.

ಗದ್ದೆಯ ಬದಿಯಲ್ಲಿ ಮತ್ತು ಹೊಳೆಯ ದಂಡೆಯಲ್ಲಿ ಸಂಗತಿ ಬೇರೆ. ಅಲ್ಲಿ ಮೆಕ್ಕಲು ಮಣ್ಣು ಮೊಳದಷ್ಟು ಆಳಕ್ಕೂ ಮೆತ್ತಗಿರುವುದುಂಟು. ಕಿರಿದಾದ ಟೈರಿಗೆ ಕೆಳಗೆ ಸಿಕ್ಕತಕ್ಕ ಗಟ್ಟಿ ನೆಲವೇ ಇಲ್ಲ. ಅಲ್ಲಿ ಅಗಲವೂ ಎತ್ತರವೂ ಉಳ್ಳ ಟೈರಿನಿಂದ ಅನುಕೂಲವುಂಟು. ಆದರೆ ಕಾಫಿ ತೋಟದ ಗಾಡಿಯು ವರ್ಷದಲ್ಲಿ ಎಷ್ಟು ದಿವಸ ಗದ್ದೆಗೆ ಇಳಿಯುವುದೆಂಬುದನ್ನು ಒಡೆಯರು ತಾವೇ ಎಣಿಸಿ ನೋಡಿಕೊಳ್ಳಬೇಕು. ಕುಶಾಲನಗರ ಮತ್ತು ಶನಿವಾರಸಂತೆಯ ಕಡೆಯ ಹಾದಿಗಳಲ್ಲಿ ಕೆಸರಿಗಿಂತ ಚೂಪುಗಲ್ಲಿನಿಂದ ಟೈರಿನ ಪಕ್ಕೆ ಹರಿಯುವ ಭಯವೇ ಹೆಚ್ಚು. ಅಲ್ಲಿ ನೋಡಬೇಕಾದುದು ಗಾತ್ರವನ್ನಲ್ಲ, ಪಕ್ಕೆಯ ದಪ್ಪವನ್ನು.

ಅಳತೆಯನ್ನು ಓದುವ ಕ್ರಮ

ಟೈರಿನ ಪಕ್ಕೆಯ ಮೇಲೆ ಅದರ ಅಳತೆಯು ಅಚ್ಚಾಗಿರುತ್ತದೆ. ಬೊಲೆರೊ ಜಾತಿಯ ಗಾಡಿಗಳಲ್ಲಿ ಕಾಣುವ ೨೧೫/೭೫ ಆರ್ ೧೫ ಎಂಬ ಗುರುತನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇದರಲ್ಲಿ ೨೧೫ ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. ೭೫ ಎಂದರೆ ಪಕ್ಕೆಯ ಎತ್ತರವು ಅಗಲದ ನೂರಕ್ಕೆ ಎಪ್ಪತ್ತೈದರಷ್ಟು ಎಂದರ್ಥ. ಆರ್ ಎಂಬುದು ರೇಡಿಯಲ್ ಕಟ್ಟಡದ ಗುರುತು. ೧೫ ಎಂಬುದು ಡಿಸ್ಕಿನ ವ್ಯಾಸ, ಅಂಗುಲದಲ್ಲಿ. ಆದಕಾರಣ ಪಕ್ಕೆಯ ಎತ್ತರ ೧೬೧ ಮಿ.ಮೀ.ಗೆ ಸ್ವಲ್ಪ ಮೇಲೆ. ಮೇಲೊಂದು ಕೆಳಗೊಂದು ಪಕ್ಕೆ ಸೇರಿ ೩೨೨.೫, ಅದಕ್ಕೆ ಡಿಸ್ಕಿನ ೩೮೧ ಮಿ.ಮೀ.ಯನ್ನು ಕೂಡಿಸಿದರೆ ಟೈರಿನ ಪೂರ್ಣ ಎತ್ತರವು ೭೦೩.೫ ಮಿ.ಮೀ. ಆಗುತ್ತದೆ. ೭.೦೦ ಆರ್ ೧೫ ಎಂಬ ಹಳೆಯ ಕ್ರಮದ ಗುರುತು ಸರಕು ಗಾಡಿಗಳಲ್ಲಿ ಈಗಲೂ ಉಂಟು; ಅದರಲ್ಲಿ ಮೊದಲಿನ ಅಂಕಿ ಅಗಲವನ್ನು ಅಂಗುಲದಲ್ಲಿ ತಿಳಿಸುತ್ತದೆ, ಪಕ್ಕೆಯ ಎತ್ತರವನ್ನು ಪ್ರತ್ಯೇಕವಾಗಿ ಹೇಳುವುದಿಲ್ಲ. ಅಂತಹ ಟೈರನ್ನು ಹೊಸ ಕ್ರಮದ ಟೈರಿನೊಂದಿಗೆ ಹೋಲಿಸಬೇಕಾದರೆ ತಯಾರಕರ ಪಟ್ಟಿಯಲ್ಲಿ ಪೂರ್ಣ ವ್ಯಾಸವನ್ನು ನೋಡಿಯೇ ಹೋಲಿಸತಕ್ಕದ್ದು.

ಈ ಲೆಕ್ಕವನ್ನು ಬಲ್ಲವರಿಗೆ ಅಂಗಡಿಯಲ್ಲಿ ಮೋಸವಾಗುವುದು ಕಷ್ಟ. ೨೩೫/೭೦ ಆರ್ ೧೫ ಎಂಬ ಟೈರು ಹೆಸರಿಗೆ ದೊಡ್ಡದು. ಅದರ ಪೂರ್ಣ ಎತ್ತರ ೭೧೦ ಮಿ.ಮೀ. ಮಾತ್ರ, ಎಂದರೆ ಮೊದಲಿನದಕ್ಕಿಂತ ಅಗಲವಾಗುವುದೇ ಹೊರತು ಎತ್ತರವಾಗಲಿಲ್ಲ. ೨೩೫/೭೫ ಆರ್ ೧೫ ಎಂಬುದು ೭೩೩.೫ ಮಿ.ಮೀ.; ಮೊದಲಿನದಕ್ಕಿಂತ ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಅಂಗುಲದ ಲೆಕ್ಕದಲ್ಲಿ ೩೧ x ೧೦.೫೦ ಆರ್ ೧೫ ಎಂದು ಬರೆದಿರುವ ಟೈರಿನ ಎತ್ತರ ೭೮೭ ಮಿ.ಮೀ.; ನೂರಕ್ಕೆ ಹನ್ನೆರಡರಷ್ಟು ಹೆಚ್ಚು.

ಇದರಿಂದ ಗಾಡಿಯ ಹೊಟ್ಟೆ ನೆಲದಿಂದ ಎಷ್ಟು ಮೇಲೇಳುವುದು? ಟೈರಿನ ವ್ಯಾಸದಲ್ಲಿ ಹೆಚ್ಚಿದುದರ ಅರ್ಧ ಮಾತ್ರ. ೨೩೫/೭೫ರಿಂದ ೧೫ ಮಿ.ಮೀ., ಎಂದರೆ ಕಿರುಬೆರಳಿನ ದಪ್ಪ. ೩೧ ಅಂಗುಲದ್ದರಿಂದ ೪೨ ಮಿ.ಮೀ. ಹಿಂದಿನ ಆಕ್ಸಲ್ಲಿನ ನಡುವಣ ಡಿಫರೆನ್ಷಿಯಲ್ ಗುಂಡು ಹಾದಿಯ ದಿಬ್ಬಕ್ಕೆ ತಗಲುವುದೇ ತೊಂದರೆಯಾಗಿದ್ದಲ್ಲಿ, ಒಬ್ಬ ಆಳು ಒಂದು ಗುದ್ದಲಿಯಿಂದ ಒಂದು ಬೆಳಗಿನ ಹೊತ್ತಿನಲ್ಲಿ ದಿಬ್ಬವನ್ನು ಇದಕ್ಕಿಂತ ಹೆಚ್ಚಾಗಿ ತಗ್ಗಿಸಬಲ್ಲನು. ನಾಲ್ಕು ಟೈರಿನ ಕ್ರಯವನ್ನೂ ಆ ಆಳಿನ ದಿನಗೂಲಿಯನ್ನೂ ಹೋಲಿಸಿ ನೋಡತಕ್ಕದ್ದು.

ಎಳೆತ ಮತ್ತು ಬ್ರೇಕು

ದೊಡ್ಡ ಟೈರಿನಿಂದ ಲಾಭವೇ ಇಲ್ಲವೆಂದಲ್ಲ. ಎತ್ತರವಾದ ಚಕ್ರವು ಕಲ್ಲು ಗುಂಡಿಗಳನ್ನು ಸುಲಭವಾಗಿ ದಾಟುವುದು. ಅದು ನೆಲವನ್ನು ಮುಟ್ಟುವ ಜಾಗವು ಉದ್ದವಾಗಿರುವುದರಿಂದ ಮೆತ್ತನೆಯ ನೆಲದಲ್ಲಿ ಹೂಳುವುದೂ ಕಡಮೆ. ಆದರೆ ಈ ಲಾಭಕ್ಕೆ ಕೊಡಬೇಕಾದ ಬೆಲೆಯು ಗುಡ್ಡಗಾಡಿನಲ್ಲಿ ಬಯಲು ಸೀಮೆಗಿಂತ ಬಹಳ ಹೆಚ್ಚಾಗಿರುತ್ತದೆ.

ಇಂಜಿನ್ನು ಆಕ್ಸಲ್ಲನ್ನು ತಿರುಗಿಸುವ ಬಲವು ಟೈರನ್ನು ಬದಲಾಯಿಸಿದ ಮಾತ್ರಕ್ಕೆ ಹೆಚ್ಚುವುದಿಲ್ಲ. ಚಕ್ರದ ಅರ್ಧವ್ಯಾಸವು ಹೆಚ್ಚಿದಷ್ಟೂ ನೆಲದ ಮೇಲೆ ಬೀಳುವ ಎಳೆತವು ಕಡಮೆಯಾಗುವುದು. ನೀರು ಸೇದುವ ರಾಟೆಯ ದಿಂಡನ್ನು ದಪ್ಪ ಮಾಡಿದರೆ ಕೊಡವು ಬೇಗನೆ ಮೇಲೆ ಬರುವುದಾದರೂ ಕೈಗೆ ಭಾರವಾಗುವುದಷ್ಟೆ, ಇದೂ ಹಾಗೆಯೇ. ಸೋಮವಾರಪೇಟೆ ತಾಲ್ಲೂಕಿನ ಒಂದು ತೋಟದಲ್ಲಿ, ಖಾಲಿ ತೂಕ ೧೭೦೦ ಕೆ.ಜಿ. ಇರುವ ಪಿಕಪ್ ಗಾಡಿಯು ೫೦ ಕೆ.ಜಿ.ಯ ೨೬ ಮೂಟೆಗಳನ್ನು ಹೇರಿಕೊಂಡು, ಒಟ್ಟು ೩೦೦೦ ಕೆ.ಜಿ. ತೂಕದೊಂದಿಗೆ, ಕಣದಿಂದ ಮೇಲಿನ ರಸ್ತೆಗೆ ಮೊದಲನೆಯ ಗೇರಿನಲ್ಲಿ ಕಷ್ಟದಿಂದ ಏರುತ್ತದೆಂದು ಇಟ್ಟುಕೊಳ್ಳೋಣ. ಇದಕ್ಕೆ ೭೦೩.೫ ಮಿ.ಮೀ.ಯ ಟೈರನ್ನು ತೆಗೆದು ೭೮೭ ಮಿ.ಮೀ.ಯದನ್ನು ಹಾಕಿದರೆ ಎಳೆತವು ನೂರಕ್ಕೆ ಹತ್ತಕ್ಕೂ ಮೇಲೆ ಕುಗ್ಗುತ್ತದೆ. ಅದೇ ಏರನ್ನು ಏರಬೇಕಾದರೆ ಒಟ್ಟು ತೂಕದಲ್ಲಿ ಸುಮಾರು ೩೨೦ ಕೆ.ಜಿ. ಇಳಿಸಬೇಕು. ಗಾಡಿಯ ಸ್ವಂತ ತೂಕವನ್ನು ಇಳಿಸಲಾಗದಷ್ಟೆ. ಆದ್ದರಿಂದ ಇಳಿಯತಕ್ಕದ್ದೆಲ್ಲವೂ ಮೂಟೆಗಳೇ. ಇಪ್ಪತ್ತಾರರಲ್ಲಿ ಆರು ಮೂಟೆಗಳಿಗೂ ಮೇಲೆ ಕಣದಲ್ಲೇ ಉಳಿಯುವುವು. ೨೩೫/೭೫ರ ಟೈರಿನಿಂದ ಆಗುವ ನಷ್ಟ ಇದೇ ಲೆಕ್ಕದಲ್ಲಿ ಎರಡೂವರೆ ಮೂಟೆ. ಹೊಸ ಟೈರಿನ ಹೆಚ್ಚಿನ ತೂಕವನ್ನು ಇದರಲ್ಲಿ ಸೇರಿಸಿಲ್ಲ. ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ಗಾಡಿಯನ್ನು ಎಳೆಸುವ ಅಭ್ಯಾಸವು ಇದರಿಂದ ಬೆಳೆದು, ಕ್ಲಚ್ಚಿನ ತಟ್ಟೆಯೂ ಬೇಗನೆ ಸುಟ್ಟುಹೋಗುವುದು.

ಏರಿನಲ್ಲಿ ನಿಂತರೆ ಮೂಟೆ ಇಳಿಸಬಹುದು. ಇಳಿಜಾರಿನಲ್ಲಿ ಅದು ಸಾಗದು. ಬ್ರೇಕು ಕೂಡ ಡ್ರಮ್ಮನ್ನೋ ಡಿಸ್ಕನ್ನೋ ಹಿಡಿದು ನಿಲ್ಲಿಸುವುದೇ ಹೊರತು ನೆಲವನ್ನಲ್ಲ. ಚಕ್ರವು ದೊಡ್ಡದಾದಷ್ಟೂ ಅದೇ ಕಾಲೊತ್ತಿಗೆ ನೆಲದ ಮೇಲೆ ಸಿಗುವ ತಡೆಯು ಎಳೆತದಷ್ಟೇ ಪ್ರಮಾಣದಲ್ಲಿ ಕಡಮೆಯಾಗುತ್ತದೆ. ಗೇರಿನಲ್ಲಿ ಇಳಿಯುವಾಗ ಇಂಜಿನ್ನು ಕೊಡುವ ತಡೆಯೂ ಹಾಗೆಯೇ ಇಳಿಯುತ್ತದೆ. ಸುಮಾರು ೧೧೫೦ ಮೀಟರು ಎತ್ತರದ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಟ್ಟದಲ್ಲಿ, ಇಲ್ಲವೆ ವಿರಾಜಪೇಟೆಯಿಂದ ಮಾಕುಟ್ಟದ ದಾರಿಯಾಗಿ ಕೇರಳಕ್ಕೆ ಇಳಿಯುವಲ್ಲಿ, ಹೊರೆ ತುಂಬಿದ ಗಾಡಿಯ ಬ್ರೇಕುಗಳು ಮೊದಲೇ ಕಾದಿರುತ್ತವೆ. ಕಾದ ಬ್ರೇಕಿನ ಹಿಡಿತವು ತಾನಾಗಿಯೇ ಸಡಿಲುವುದು. ಅಂತಹ ಹೊತ್ತಿನಲ್ಲಿ ನೂರಕ್ಕೆ ಹತ್ತರಷ್ಟು ತಡೆಯನ್ನು ಟೈರಿಗಾಗಿ ಮೊದಲೇ ಬಿಟ್ಟುಕೊಟ್ಟಿರುವುದು ಪ್ರಾಣಕ್ಕೆ ಸಂಬಂಧಿಸಿದ ವಿಷಯ. ದೊಡ್ಡ ಟೈರು ಹಾಕಿಸಿದವರು ಅದು ಉಜ್ಜದಂತೆ ಸ್ಪ್ರಿಂಗಿನ ಪ್ಲೇಟುಗಳ ಕೆಳಗೆ ತುಂಡುಗಳನ್ನಿಟ್ಟು ಗಾಡಿಯ ಮೈಯನ್ನೂ ಎರಡು ಮೂರು ಅಂಗುಲ ಎತ್ತಿಸುವುದುಂಟು. ಟೈರಿನಿಂದ ಮಾತ್ರ ಆಗುವ ಎತ್ತರವು ಅಷ್ಟೇನೂ ಅಪಾಯಕರವಲ್ಲ. ಎರಡೂ ಸೇರಿದಾಗ, ಮೇಲಿನವರೆಗೆ ಮೂಟೆ ಹೇರಿದ ಗಾಡಿಯು ಪಕ್ಕಕ್ಕೆ ವಾಲಿದ ಹಾದಿಯಲ್ಲಿ ಉರುಳಲು ಬಹಳ ಬೇಕಿಲ್ಲ. ಸರಕು ಗಾಡಿಯ ಹಿಂಭಾಗದಲ್ಲಿ ಆಳುಗಳನ್ನು ಕೂರಿಸಿಕೊಂಡು ಹೋಗುವುದು ಕಾಯಿದೆಗೆ ವಿರುದ್ಧವೆಂಬುದು ಎಲ್ಲರಿಗೂ ತಿಳಿದಿದ್ದರೂ, ಕೊಯ್ಲಿನ ಕಾಲದಲ್ಲಿ ಅದು ನಿಂತಿಲ್ಲ. ಗಾಡಿ ಉರುಳಿದಾಗ ಮೊದಲು ಕೆಳಗೆ ಸಿಕ್ಕುವವರು ಅವರೇ.

ಹೊರೆಯ ಅಂಕಿ

ದಪ್ಪವಾದ ಟೈರು ಹೆಚ್ಚು ಹೊರೆಯನ್ನು ತಾಳುವುದೆಂಬುದು ಸಾಮಾನ್ಯವಾಗಿ ಹರಡಿರುವ ತಪ್ಪು ತಿಳಿವಳಿಕೆ. ಟೈರು ತಾಳುವ ಹೊರೆಯು ಅದರ ಒಳಗಿನ ಪದರಗಳ ಬಲವನ್ನೂ ಗಾಳಿಯ ಒತ್ತಡವನ್ನೂ ಅವಲಂಬಿಸಿರುತ್ತದೆ. ಅಳತೆಯ ಮುಂದೆ ಅಚ್ಚಾಗಿರುವ ಎರಡು ಅಥವಾ ಮೂರು ಅಂಕೆಗಳ ಸಂಖ್ಯೆಯೇ ಹೊರೆಯ ಸೂಚಿ. ೧೦೦ ಎಂದಿದ್ದರೆ ಆ ಒಂದು ಟೈರು ೮೦೦ ಕೆ.ಜಿ. ತಾಳುವುದು; ೧೦೫ ಎಂದಿದ್ದರೆ ೯೨೫; ೧೦೮ ಎಂದಿದ್ದರೆ ೧೦೦೦; ೧೧೦ ಎಂದಿದ್ದರೆ ೧೦೬೦. ಇದರ ಜೊತೆಗಿರುವ ಅಕ್ಷರವು ವೇಗದ ಮಿತಿಯನ್ನು ತಿಳಿಸುತ್ತದೆ. ತೋಟದ ಗಾಡಿಗೆ ಅದು ಅಷ್ಟು ಮುಖ್ಯವಲ್ಲ.

ಮೇಲೆ ಹೇಳಿದ ೩೦೦೦ ಕೆ.ಜಿ.ಯ ಗಾಡಿಯಲ್ಲಿ ಮೂರರಲ್ಲಿ ಎರಡು ಪಾಲು ಹಿಂದಿನ ಆಕ್ಸಲ್ಲಿನ ಮೇಲೆ ಬೀಳುವುದಾದರೆ, ಹಿಂದಿನ ಒಂದೊಂದು ಟೈರಿಗೂ ೧೦೦೦ ಕೆ.ಜಿ. ಬರುತ್ತದೆ. ಇಳಿಜಾರಿಗೆ ಎದುರಾಗಿ ಏರುವಾಗ ಹಿಂದಕ್ಕೆ ಇನ್ನೂ ಹೆಚ್ಚು ಬೀಳುವುದು. ಇದಕ್ಕೆ ೧೦೮ಕ್ಕೆ ಕಡಮೆಯ ಟೈರು ಸಲ್ಲದು. ೧೧೦ ಅಥವಾ ಅದಕ್ಕೆ ಮೇಲ್ಪಟ್ಟುದು ಇದ್ದರೆ ಒಳ್ಳೆಯದು. ಆದರೆ ಪ್ರಯಾಣದ ಕಾರುಗಳಿಗೆಂದು ತಯಾರಾದ ೨೩೫/೭೫ ಟೈರುಗಳಲ್ಲಿ ೧೦೫ರ ಸೂಚಿಯುಳ್ಳವೂ ಇವೆ. ಅಂತಹದನ್ನು ಹಾಕಿಸಿದವರು ಅಗಲವಾದ ಟೈರು ಕಂಡು ಸಂತೋಷಪಟ್ಟರೂ, ಒಂದೊಂದು ಚಕ್ರದಲ್ಲೂ ೭೫ ಕೆ.ಜಿ.ಯಷ್ಟು ಬಲಹೀನವಾದ ಟೈರಿನ ಮೇಲೆ ಹೊರೆ ಹೇರುತ್ತಿರುತ್ತಾರೆ. ಇದು ಕೂಡಲೇ ಗೊತ್ತಾಗುವುದಿಲ್ಲ. ಮಾರ್ಚಿ ತಿಂಗಳ ಬಿಸಿಲಿನಲ್ಲಿ, ರೋಬಸ್ಟ ಚೆರ್ರಿ ತುಂಬಿಕೊಂಡು ಟಾರು ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಪಕ್ಕೆ ಕಾದು ಒಡೆಯುವುದು. ಸರಕು ಗಾಡಿಗೆ ಮೊದಲಿದ್ದ ಸೂಚಿಗಿಂತ ಕಡಮೆಯ ಸೂಚಿಯ ಟೈರನ್ನು, ಅದು ಎಷ್ಟೇ ದೊಡ್ಡದಾಗಿರಲಿ, ಹಾಕಿಸಕೂಡದು. ಅಂಗಡಿಯವರು ಪದರಗಳ ಲೆಕ್ಕವನ್ನು ಪಿ.ಆರ್. ಎಂಬ ಗುರುತಿನಿಂದ ಹೇಳುವರು. ೬, ೮, ೧೦ ಎಂದಿರುತ್ತದೆ. ಇದನ್ನೂ ಹಳೆಯ ಟೈರಿನೊಂದಿಗೆ ಸರಿಹೋಲಿಸಿ ನೋಡತಕ್ಕದ್ದು.

ಎಷ್ಟು ದೊಡ್ಡದು ಹಾಕಿಸಬಹುದು?

ಪೂರ್ಣ ವ್ಯಾಸದಲ್ಲಿ ನೂರಕ್ಕೆ ಮೂರನ್ನು ಮೀರಕೂಡದೆಂಬುದು ಬಲ್ಲವರು ಅನುಸರಿಸುವ ಮಿತಿ. ಕೊಡಗಿನ ಏರಿಳಿತಗಳನ್ನು ನೋಡಿದರೆ ಈ ಮಿತಿಯನ್ನು ಸಡಿಲಿಸತಕ್ಕ ಕಾರಣ ಕಾಣುವುದಿಲ್ಲ. ತಯಾರಕರೇ ಅದೇ ಮಾದರಿಯ ಗಾಡಿಗೆ ಎರಡು ಅಳತೆಗಳನ್ನು ಒಪ್ಪಿದ್ದರೆ, ಅವುಗಳಲ್ಲಿ ದೊಡ್ಡದನ್ನು ನಿಶ್ಚಿಂತೆಯಿಂದ ಹಾಕಿಸಬಹುದು; ಗಾಡಿಯ ಕೈಪಿಡಿಯಲ್ಲಿಯೂ ಬಾಗಿಲಿನ ಬಳಿ ಅಂಟಿಸಿರುವ ಚೀಟಿಯಲ್ಲಿಯೂ ಇದು ನಮೂದಾಗಿರುತ್ತದೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣವು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಪ್ರಕರಣವನ್ನು ಕಟ್ಟುನಿಟ್ಟಾಗಿ ಅರ್ಥೈಸಿರುತ್ತದೆ. ಅಪಘಾತವಾದಾಗ ವಿಮೆಯವರು ಮೊದಲು ಎತ್ತುವ ಪ್ರಶ್ನೆಗಳಲ್ಲಿ ಇದೂ ಒಂದಾಗಬಹುದು.

ಡಿಸ್ಕಿನ ಅಗಲವನ್ನೂ ಮರೆಯಕೂಡದು. ಪ್ರತಿಯೊಂದು ಟೈರಿಗೂ ತಕ್ಕ ಡಿಸ್ಕಿನ ಅಗಲಕ್ಕೆ ಕೆಳಮಿತಿ ಮೇಲ್ಮಿತಿಗಳುಂಟು. ೩೧ x ೧೦.೫೦ರ ಟೈರಿಗೆ ಕಡಮೆಯೆಂದರೂ ಏಳು ಅಂಗುಲದ ಡಿಸ್ಕು ಬೇಕು. ಕಿರಿದಾದ ಡಿಸ್ಕಿಗೆ ಅಗಲವಾದ ಟೈರನ್ನು ಬಿಗಿದರೆ ಅದರ ಮೈ ಉಬ್ಬಿ ನಡುಭಾಗ ಮಾತ್ರ ಸವೆಯುವುದು. ತಿರುವುಗಳಲ್ಲಿ ಟೈರಿನ ಅಂಚು ಡಿಸ್ಕಿನಿಂದ ಕಳಚುವ ಸಂಭವವೂ ಉಂಟು. ಒಂದು ಟೈರನ್ನು ಮಾತ್ರ ಮೊದಲು ಮುಂದಿನ ಚಕ್ರಕ್ಕೆ ಹಾಕಿಸಿ, ಸ್ಟೀರಿಂಗನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ, ಮಡ್‌ಗಾರ್ಡಿಗಾಗಲಿ ಸ್ಪ್ರಿಂಗಿನ ಪ್ಲೇಟಿಗಾಗಲಿ ತಗಲುವುದೇ ಎಂದು ನೋಡಬೇಕು. ಖಾಲಿ ಗಾಡಿಯಲ್ಲಿ ತಗಲದಿದ್ದುದು ಹೊರೆ ಹೇರಿದಾಗ, ಒಂದು ಚಕ್ರವು ದಿಬ್ಬವನ್ನೇರಿದಾಗ ತಗಲಬಹುದು; ಆದ್ದರಿಂದ ಆ ಸ್ಥಿತಿಯಲ್ಲಿಯೂ ಪರೀಕ್ಷಿಸಿದ ಮೇಲೆಯೇ ಉಳಿದ ಮೂರರ ಹಣವನ್ನು ಕೊಡತಕ್ಕದ್ದು. ಇದಕ್ಕೆ ಒಪ್ಪದ ಅಂಗಡಿಯವರೊಂದಿಗೆ ವ್ಯಾಪಾರ ಬೇಡ.

ನಾಲ್ಕು ಚಕ್ರದ ಎಳೆತವುಳ್ಳ ಗಾಡಿಯಲ್ಲಿ ನಾಲ್ಕು ಟೈರುಗಳೂ ಒಂದೇ ಅಳತೆಯವಾಗಿರಲೇಬೇಕು. ಹಿಂದಕ್ಕೆ ಮಾತ್ರ ದೊಡ್ಡದನ್ನು ಹಾಕಿದರೆ, ನಾಲ್ಕು ಚಕ್ರದ ಗೇರನ್ನು ಹಾಕಿದಾಗ ಮುಂದಿನ ಆಕ್ಸಲ್ಲೂ ಹಿಂದಿನ ಆಕ್ಸಲ್ಲೂ ಒಂದರ ಮೇಲೊಂದು ಜಗ್ಗಾಡಿ, ನಡುವಣ ಗೇರುಪೆಟ್ಟಿಗೆಯು ಕೆಡುವುದು. ಸ್ಟೆಪ್ನಿಯೂ ಅದೇ ಅಳತೆಯದಾಗಬೇಕಾದುದರಿಂದ ಲೆಕ್ಕ ಹಾಕುವಾಗ ನಾಲ್ಕಲ್ಲ, ಐದು ಟೈರಿನ ಕ್ರಯವನ್ನು ಹಾಕತಕ್ಕದ್ದು.

ವೇಗಮಾಪಕವೂ ದೂರಮಾಪಕವೂ ಚಕ್ರದ ಸುತ್ತುಗಳನ್ನೇ ಎಣಿಸುತ್ತವೆ. ಮೂಲ ಅಳತೆಗೆ ಸರಿಯಾಗಿ ಹೊಂದಿಸಿದ ವೇಗಮಾಪಕವು ೨೩೫/೭೫ರ ಟೈರಿನಿಂದ ೬೦ ಕಿಲೋಮೀಟರು ತೋರಿಸುವಾಗ ನಿಜವಾದ ವೇಗವು ೬೨ಕ್ಕೂ ಮೇಲೆ; ೩೧ ಅಂಗುಲದ್ದರಿಂದ ೬೭. ದೂರವೂ ಇದೇ ಪ್ರಮಾಣದಲ್ಲಿ ಕಡಮೆ ತೋರುವುದು. ಆದಕಾರಣ ದೊಡ್ಡ ಟೈರು ಹಾಕಿಸಿದ ಮೇಲೆ ಡೀಸೆಲ್ಲು ವಿಪರೀತ ಖರ್ಚಾಗುತ್ತಿದೆಯೆಂದು ದೂರುವವರು, ಆ ದೂರಿನಲ್ಲಿ ಎಷ್ಟು ಪಾಲು ಟೈರಿನದು, ಎಷ್ಟು ಪಾಲು ಮಾಪಕದ್ದು ಎಂಬುದನ್ನು ಬೇರ್ಪಡಿಸಿ ನೋಡಬೇಕು. ಕಿಲೋಮೀಟರಿನ ಲೆಕ್ಕದಲ್ಲಿ ಗಾಡಿಯನ್ನು ಬಾಡಿಗೆಗೆ ಕೊಡುವವರಿಗೆ ನಷ್ಟವೂ ಉಂಟು.

ಗ್ರಿಪ್ಪು ಮತ್ತು ಗಾಳಿ

ಜಾರುವ ಹಾದಿಗೆ ನಿಜವಾದ ಪರಿಹಾರವು ಟೈರಿನ ಮೇಲ್ಮೈಯಲ್ಲಿದೆ. ಗದ್ದೆಯಲ್ಲಿ ಬದುವೂ ಕಾಲುವೆಯೂ ಇರುವಂತೆ ಟೈರಿನ ಮೇಲೆಯೂ ಉಬ್ಬಿದ ಕಟ್ಟೆಗಳೂ ಅವುಗಳ ನಡುವೆ ತಗ್ಗಾದ ಕಾಲುವೆಗಳೂ ಇರುತ್ತವೆ. ಕಾಲುವೆಗಳು ಅಗಲವಾಗಿ ಪಕ್ಕಕ್ಕೆ ತೆರೆದಿದ್ದರೆ, ಚಕ್ರ ತಿರುಗುವಾಗ ಕೆಸರು ಎಸೆಯಲ್ಪಟ್ಟು ಕಟ್ಟೆಗಳು ಮತ್ತೆ ನೆಲವನ್ನು ಕಚ್ಚುವುವು. ಟಾರು ರಸ್ತೆಗೆಂದು ಮಾಡಿದ, ಉದ್ದುದ್ದ ಗೆರೆಗಳುಳ್ಳ ಟೈರಿನಲ್ಲಿ ಜಂಬಿಟ್ಟಿಗೆ ಮಣ್ಣು ಮೆತ್ತಿಕೊಂಡು, ಎರಡು ಸುತ್ತಿನಲ್ಲಿ ಅದು ಬೋಳು ಟೈರಿನಂತಾಗುವುದು. ಕೇವಲ ಕೆಸರಿಗೆಂದೇ ಮಾಡಿದ ಟೈರು ಕೆಸರಿನಲ್ಲಿ ಎಲ್ಲಕ್ಕಿಂತ ಮೇಲು. ಆದರೆ ನೆನೆದ ಟಾರು ರಸ್ತೆಯಲ್ಲಿ ಅದರ ಬ್ರೇಕಿನ ಹಿಡಿತ ಕಡಮೆ, ಸವೆತ ಹೆಚ್ಚು, ಸದ್ದೂ ಹೆಚ್ಚು. ತೋಟಕ್ಕೂ ಪೇಟೆಗೂ ಓಡಾಡುವ ಗಾಡಿಗೆ ಇವೆರಡರ ನಡುವಣ, ಎಲ್ಲ ನೆಲಗಳಿಗೂ ಸಲ್ಲುವ ಜಾತಿಯ ಟೈರು ತಕ್ಕುದು. ಮೂಲ ಅಳತೆಯಲ್ಲಿಯೇ ಈ ಜಾತಿಯ ಟೈರು ದೊರೆತಲ್ಲಿ, ಕೊಡಗಿನ ಪಶ್ಚಿಮ ಭಾಗದ ತೋಟಗಾರರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಬೇಕಿಲ್ಲ. ಮಳೆಗಾಲದ ಎರಡು ಮೂರು ತಿಂಗಳು ಹಿಂದಿನ ಚಕ್ರಕ್ಕೆ ಚೈನು ಕಟ್ಟಿಕೊಳ್ಳುವ ಮಲೆನಾಡಿನ ವಾಡಿಕೆಯೂ ಹಳೆಯದಾದರೂ ಹಗುರವಾಗಿ ಕಾಣತಕ್ಕದ್ದಲ್ಲ. ಟಾರು ರಸ್ತೆಗೆ ಬರುವ ಮೊದಲು ಅದನ್ನು ಬಿಚ್ಚಬೇಕು, ಅಷ್ಟೆ.

ಹೂಳುವ ನೆಲಕ್ಕೆ ಗಾಳಿಯೇ ಮೊದಲ ಮದ್ದು. ಟೈರು ನೆಲವನ್ನು ಒತ್ತುವ ಒತ್ತಡವು ಹೆಚ್ಚುಕಡಮೆ ಒಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಒಂದು ಚಕ್ರದ ಮೇಲೆ ೭೫೦ ಕೆ.ಜಿ. ಇದ್ದು, ಗಾಳಿಯು ೪೦ ಪೌಂಡು ಇದ್ದರೆ ನೆಲವನ್ನು ಮುಟ್ಟುವ ಜಾಗವು ಸುಮಾರು ೨೬೭ ಚದರ ಸೆಂಟಿಮೀಟರು. ೩೦ ಪೌಂಡಿಗೆ ಇಳಿಸಿದರೆ ಅದು ಸುಮಾರು ೩೫೫ ಆಗುತ್ತದೆ. ಟೈರನ್ನು ಅಗಲ ಮಾಡಿ ಗಾಳಿಯನ್ನು ಮೊದಲಿನಷ್ಟೇ ಇಟ್ಟರೆ ಮುಟ್ಟುವ ಜಾಗದ ಆಕಾರ ಬದಲಾಗುವುದೇ ಹೊರತು ವಿಸ್ತಾರವು ಅಷ್ಟಾಗಿ ಹೆಚ್ಚುವುದಿಲ್ಲ. ಎಂದರೆ, ದೊಡ್ಡ ಹಣ ಕೊಟ್ಟು ಕೊಳ್ಳಬೇಕೆಂದಿದ್ದ ಲಾಭದ ಬಹುಪಾಲು ಒಂದು ವಾಲ್ವಿನ ಬಿರಡೆಯಲ್ಲಿಯೇ ಇರುತ್ತದೆ. ಆದರೆ ಗಾಳಿ ಇಳಿಸಿದ ಟೈರಿನಲ್ಲಿ ಹೊರೆಯೊಂದಿಗೆ ವೇಗವಾಗಿ ಹೋದರೆ ಪಕ್ಕೆ ಕಾದು ಹಾಳಾಗುವುದು. ನಡಿಗೆಯ ವೇಗದಲ್ಲಿ ಆ ಕೆಸರನ್ನು ದಾಟುವಷ್ಟಕ್ಕೆ ಮಾತ್ರ ಇಳಿಸಿ, ರಸ್ತೆಗೆ ಬಂದೊಡನೆ ತುಂಬಿಸತಕ್ಕದ್ದು. ಒತ್ತಡ ನೋಡುವ ಸಣ್ಣ ಮಾಪಕವೂ, ಬ್ಯಾಟರಿಯಿಂದ ನಡೆಯುವ ಪಂಪೂ ಗಾಡಿಯಲ್ಲಿಲ್ಲದೆ ಈ ಉಪಾಯಕ್ಕೆ ಕೈಹಾಕಕೂಡದು. ಘಟ್ಟದ ರಸ್ತೆಯಲ್ಲಂತೂ ಕೈಪಿಡಿಯಲ್ಲಿ ಹೇಳಿದ ಒತ್ತಡವೇ ಇರಬೇಕು.

ತೋಟದ ನೆಲಕ್ಕೆ ಆಗುವ ಹಾನಿ

ಟೈರಿನ ವಿಷಯದಲ್ಲಿ ಗಾಡಿಯನ್ನು ಮಾತ್ರ ನೋಡಿ ನೆಲವನ್ನು ಮರೆಯುವುದು ಸಾಮಾನ್ಯ. ಕಾಫಿ ಗಿಡದ ಹೀರುಬೇರುಗಳಲ್ಲಿ ಹೆಚ್ಚಿನ ಪಾಲು ಮೇಲಿನ ಒಂದು ಅಡಿ ಮಣ್ಣಿನಲ್ಲಿಯೇ ಹರಡಿರುತ್ತವೆ. ನೆನೆದ ಮಣ್ಣಿನ ಮೇಲೆ ಭಾರವಾದ ಚಕ್ರ ಹಾದುಹೋದಲ್ಲಿ ಮಣ್ಣಿನ ಕಣಗಳ ನಡುವಣ ಗಾಳಿಯ ಸಂದುಗಳು ಮುಚ್ಚಿ, ನೀರು ಇಂಗದೆ, ಬೇರು ಉಸಿರಾಡಲಾರದೆ ಹೋಗುವುದು. ಮೇಲ್ಪದರದ ಒತ್ತುವಿಕೆಯು ಗಾಳಿಯ ಒತ್ತಡವನ್ನು ಅನುಸರಿಸುವುದಾದರೂ, ಆಳದ ಒತ್ತುವಿಕೆಯು ಆಕ್ಸಲ್ಲಿನ ಮೇಲಿನ ಒಟ್ಟು ತೂಕವನ್ನು ಅನುಸರಿಸುತ್ತದೆ. ಅಗಲವಾದ ಟೈರಿನಿಂದ ಅದು ತಪ್ಪದು. ದೊಡ್ಡ ಟೈರು ಹಾಕಿಸಿದ ಧೈರ್ಯದಲ್ಲಿ ಗಾಡಿಯನ್ನು ಹಾದಿ ಬಿಟ್ಟು ಗಿಡಗಳ ಸಾಲಿನೊಳಕ್ಕೆ ಇಳಿಸುವವರು, ಹೊರೆಯಾಳಿನ ಒಂದು ದಿನದ ಕೂಲಿಯನ್ನು ಉಳಿಸಿ ಹಲವು ವರ್ಷಗಳ ಫಸಲಿನಲ್ಲಿ ಕೊಡುತ್ತಾರೆ. ಗಾಡಿಯು ಹಾದಿಯಲ್ಲಿಯೇ ಇರಬೇಕು. ಹಾದಿಯಿಂದ ಗಿಡಕ್ಕೆ ಮೂಟೆ ಹೊರುವ ದೂರ ಹೆಚ್ಚಾದರೆ ಹಾದಿಯನ್ನೇ ಒಳಕ್ಕೆ ಬೆಳೆಸುವುದು ಲೇಸು.

ಇನ್ನು ಹಾದಿಯ ವಿಷಯ. ಆಳವಾದ ಗ್ರಿಪ್ಪಿನ ಟೈರುಗಳು ಜಾರುವ ಏರಿನಲ್ಲಿ ಸುತ್ತುವಾಗ ಹಾದಿಯನ್ನು ಉತ್ತಂತೆ ಕೀಳುತ್ತವೆ. ಆ ಎರಡು ಗಾಲಿ ಜಾಡುಗಳು ಮುಂದಿನ ಜಡಿಮಳೆಯಲ್ಲಿ ನೀರಿನ ಕಾಲುವೆಗಳಾಗಿ, ತೋಟದ ಮೇಲ್ಮಣ್ಣು ಹೊಳೆಗೆ ಹೋಗುವುದು. ಆದ್ದರಿಂದ ಕಡಿದಾದ ಹಾದಿಗೆ ಅಲ್ಲಲ್ಲಿ ಓರೆಯಾಗಿ ಅಡ್ಡಗಾಲುವೆಗಳನ್ನು ತೆಗೆದು, ನೀರನ್ನು ಪಕ್ಕದ ತೊಟ್ಟಿಲು ಗುಂಡಿಗಳಿಗೆ ತಿರುಗಿಸಬೇಕು. ಗಾಲಿ ಹೋಗುವ ಎರಡು ಪಟ್ಟಿಗಳಿಗಾದರೂ ಕಲ್ಲು ಹಾಸಬೇಕು. ಎರಡು ಬೇಸಿಗೆಗಳಲ್ಲಿ ಈ ಕೆಲಸವನ್ನು ಸ್ವಲ್ಪಸ್ವಲ್ಪವಾಗಿ ಮುಗಿಸಿದ ತೋಟದಲ್ಲಿ ದೊಡ್ಡ ಟೈರಿನ ಮಾತೇ ಬರುವುದಿಲ್ಲ. ೨೦೧೮ರ ಆಗಸ್ಟಿನಲ್ಲಿ ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಗುಡ್ಡಗಳು ಜರಿದಂತಹ ಕಾಲದಲ್ಲಿ ಯಾವ ಹಾದಿಯೂ ಯಾವ ಟೈರೂ ಉಪಯೋಗಕ್ಕೆ ಬಾರದು. ಬಿರುಕು ಬಿಟ್ಟ ಇಳಿಜಾರಿನ ಮೇಲೆ ಗಾಡಿಯನ್ನು ಒಯ್ಯಲೇಕೂಡದು.

ಕೊಳ್ಳುವಾಗ ನೋಡತಕ್ಕವು

ತೋಟದ ಗಾಡಿಯು ವರ್ಷಕ್ಕೆ ಓಡುವ ದೂರವು ಬಾಡಿಗೆಯ ಗಾಡಿಗಿಂತ ಬಹಳ ಕಡಮೆಯಾಗಿರುವುದರಿಂದ, ಇಲ್ಲಿನ ಟೈರುಗಳು ಸವೆಯುವುದಕ್ಕಿಂತ ಮೊದಲೇ ಮುದಿಯಾಗುತ್ತವೆ. ಗ್ರಿಪ್ಪು ಚೆನ್ನಾಗಿದ್ದರೂ ಪಕ್ಕೆಯಲ್ಲಿ ಕೂದಲಿನಂತಹ ಬಿರುಕುಗಳು ಕಾಣಿಸಿಕೊಂಡರೆ ರಬ್ಬರು ಒಣಗಿದೆಯೆಂದು ತಿಳಿಯಬೇಕು. ತಯಾರಾದ ಕಾಲವನ್ನು ಪಕ್ಕೆಯ ಮೇಲಿನ ನಾಲ್ಕು ಅಂಕೆಗಳಿಂದ ಗುರುತಿಸಬಹುದು: ಮೊದಲಿನೆರಡು ವಾರ, ಕೊನೆಯೆರಡು ವರ್ಷ. ೨೩೨೪ ಎಂದಿದ್ದರೆ ೨೦೨೪ನೆಯ ವರ್ಷದ ೨೩ನೆಯ ವಾರ. ಅಂಗಡಿಯಲ್ಲಿ ಎರಡು ಮೂರು ವರ್ಷ ಕೂತಿದ್ದ ಟೈರನ್ನು ಹೊಸದೆಂದು ಪೂರ್ಣ ಬೆಲೆಗೆ ಕೊಳ್ಳತಕ್ಕದ್ದಲ್ಲ. ಐ.ಎಸ್.ಐ. ಗುರುತಿಲ್ಲದ್ದನ್ನು ಮುಟ್ಟಲೇಬಾರದು. ರೀಸೋಲ್ ಮಾಡಿಸಿದ ಟೈರನ್ನು ಘಟ್ಟದಲ್ಲಿ ಓಡಾಡುವ ಗಾಡಿಯ ಮುಂದಿನ ಚಕ್ರಗಳಿಗೆ ಹಾಕಿಸಕೂಡದು. ಕಾಯಿದೆಯ ಪ್ರಕಾರ ಕಾಲುವೆಯ ಆಳವು ೧.೬ ಮಿ.ಮೀ. ಇದ್ದರೆ ಸಾಕಾದರೂ, ಕೊಡಗಿನ ಮುಂಗಾರಿಗೆ ಅದು ಸಾಲದು. ಮೇ ತಿಂಗಳಿನಲ್ಲಿ ನೋಡಿದಾಗ ೩ ಮಿ.ಮೀ.ಗೆ ಕಡಮೆಯಿದ್ದರೆ ಮಳೆ ಹಿಡಿಯುವ ಮೊದಲೇ ಬದಲಾಯಿಸಬೇಕು.

ಹೊಸ ಟೈರು ಹಾಕಿಸಿದ ಮೇಲೆ ಚಕ್ರಗಳ ಸಮತೂಕವನ್ನೂ ಮುಂದಿನ ಚಕ್ರಗಳ ನೇರವನ್ನೂ ಸರಿಮಾಡಿಸಿ, ೫೦ ರಿಂದ ೮೦ ಕಿಲೋಮೀಟರು ಓಡಿದ ತರುವಾಯ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸತಕ್ಕದ್ದು. ತೆಗೆದ ಹಳೆಯ ಟೈರುಗಳನ್ನು ಶೆಡ್ಡಿನ ಹಿಂದೆ ಬಯಲಿನಲ್ಲಿ ಎಸೆದಿರುವುದು ಬಹಳ ತೋಟಗಳಲ್ಲಿ ಕಾಣುತ್ತದೆ. ಅವುಗಳಲ್ಲಿ ನಿಂತ ಮಳೆನೀರಿನಲ್ಲಿ ಡೆಂಗೆ ಜ್ವರದ ಸೊಳ್ಳೆಗಳು ಹುಟ್ಟುವುದರಿಂದ, ಅಂಗಡಿಯವರಿಗೇ ಅವನ್ನು ಹಿಂದಕ್ಕೆ ಕೊಟ್ಟು ಬರುವುದು ಅಥವಾ ಮಳೆ ಬೀಳದಂತೆ ಮಾಡಿನ ಕೆಳಗೆ ಇಡುವುದು ಅವಶ್ಯ.